ಪೆಡಲ್ ದೋಷ, ಒಂದು ಸಲ

ಮಾರ್ಚ್ 4, ಮಂಗಳವಾರ

ಬೆಳಗ್ಗೆಯಿಂದ ಏಳು ಗಾಡಿ. ಐದಕ್ಕೆ ಆಯಿಲ್, ಒಂದಕ್ಕೆ ಬ್ರೇಕ್. ಏಳನೆಯದು ಭಾವನ ಟ್ಯಾಕ್ಸಿ — ಎಂಜಿನ್ ಲೈಟ್ ಹತ್ತಿಕೊಂಡಿದೆ. ಸ್ಕ್ಯಾನರ್ ಹಾಕಿದೆ. ಆಕ್ಸಿಲರೇಟರ್ ಪೆಡಲ್ ದೋಷ. ಅದರಲ್ಲಿ ಎರಡು ಸೆನ್ಸರ್. ಕಾಲು ಎಷ್ಟು ಒತ್ತಿದೆ ಎಂದು ಎರಡೂ ಒಂದೇ ಮಾತು ಹೇಳಬೇಕು. ತಾಳೆಯಾಗದಿದ್ದರೆ ಗಾಡಿಯೊಳಗಿನ ಕಂಪ್ಯೂಟರ್ ಎರಡನ್ನೂ ನಂಬುವುದಿಲ್ಲ. ಲೈಟ್ ಹಚ್ಚಿ, ಎಂಜಿನ್ನಿನ ಶಕ್ತಿ ಇಳಿಸಿಬಿಡುತ್ತದೆ.

"ನಿನ್ನೆ ಒಂದ್ ನಿಮಿಷ ಎಳೀಲೇ ಇಲ್ಲ. ಆಫ್ ಮಾಡಿ ಆನ್ ಮಾಡ್ದೆ, ಸರಿಹೋಯ್ತು" ಎಂದರು ಭಾವ.

ಪೆಡಲ್ ಬದಲಿಸಬೇಕು, ತರಿಸಲು ಒಂದು ವಾರ, ಅಲ್ಲಿಯವರೆಗೆ ಗಾಡಿ ಇಲ್ಲೇ ಇರಲಿ ಎಂದೆ.

"ವಾರ ಮನೇಲಿ ಕೂತ್ರೆ ನಿಮ್ಮಕ್ಕ ನನ್ನ ತಲೆ ತಿಂತಾಳೆ. ಲೈಟ್ ಆರಿಸಿ ಕೊಡಿ ಡಾಕ್ಟ್ರೇ."

ಸ್ಕ್ಯಾನರ್ ಹಿಡಿದ ದಿನದಿಂದ ನಾನು ಡಾಕ್ಟರು. ನಗು ಬಂತು. ಕಂಪ್ಯೂಟರಿನಿಂದ ದೋಷದ ದಾಖಲೆ ಅಳಿಸಿದೆ, ಲೈಟ್ ಆರಿತು. ಒಂದೇ ಗುಂಡಿ.

ಮಾರ್ಚ್ 7

ಭಾವ ಮತ್ತೆ. ಅದೇ ದೋಷ. ಪೆಡಲ್ ಬಂತಾ ಎಂದರು. ಆರ್ಡರೇ ಹಾಕಿರಲಿಲ್ಲ... ಮರೆತಿದ್ದೆ. "ಬರ್ತಾ ಇದೆ ಭಾವ" ಎಂದೆ. ಏನೋ ಮಾಡಿದಂತೆ ಕಾಣಲಿ ಎಂದು ಪೆಡಲಿನ ವೈರಿನ ಕನೆಕ್ಟರ್ ಬಿಚ್ಚಿ, ಊದಿ, ಮತ್ತೆ ಕೂರಿಸಿದೆ. ಅಳಿಸಿದೆ. ಅವರು ಹೋದ ಮೇಲೆ ಆರ್ಡರ್ ಹಾಕಿದೆ.

ಮಾರ್ಚ್ 11, ಮಧ್ಯಾಹ್ನ

ಮೂರನೇ ಸಲ. ಭಾವ ಸೀಟಿನಿಂದ ಇಳಿಯಲೂ ಇಲ್ಲ, ಹಿಂದೆ ಪ್ರಯಾಣಿಕರು ಕಾಯುತ್ತಿದ್ದರು. ಬಾಗಿ ನಿಂತೇ ಅಳಿಸಿದೆ. ಹೈವೇಗೆ ಮಾತ್ರ ಹೋಗಬೇಡಿ ಎಂದೆ. "ಆಯ್ತಪ್ಪಾ" ಎಂದರು. ಕೀ ಕಿತ್ತುಕೊಳ್ಳಬೇಕಿತ್ತು. ಹಸಿವಾಗಿತ್ತು, ಊಟಕ್ಕೆ ಹೋದೆ.

ಮಾರ್ಚ್ 23

ಭಾವ ಇಲ್ಲ.

ಹದಿಮೂರನೇ ತಾರೀಖು, ಸಂಜೆ ನಾಲ್ಕು. ಹೈವೇ. ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಹೋಗಿದ್ದಾರೆ, ಅರ್ಧ ದಾರಿಯಲ್ಲಿ ಗಾಡಿ ಎಳೆದಿಲ್ಲ. ಎದುರಿಗೆ ಬಸ್ಸು. ಟ್ಯಾಕ್ಸಿಯಲ್ಲಿ ಅವರೊಬ್ಬರೇ ಇದ್ದರು.

ಪೆಡಲ್ ಮರುದಿನ ಬಂತು. ಪೆಟ್ಟಿಗೆ ಬಿಚ್ಚಿಲ್ಲ.

ಮಾರ್ಚ್ 26

ಇನ್ಶೂರೆನ್ಸಿನ ಸರ್ವೇಯರ್ ಬಂದರು. ಗಾಡಿಯ ಮುಂಭಾಗ ನಜ್ಜುಗುಜ್ಜು, ಕಂಪ್ಯೂಟರ್ ಮಾತ್ರ ಉಳಿದಿದೆ. ದೋಷ ಕಂಡ ಕ್ಷಣ ಗಾಡಿ ಹೇಗಿತ್ತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ನನ್ನ ಕೈಯಲ್ಲೇ ಓದಿಸಿದರು. ಪೆಡಲ್ ದೋಷ. ವೇಗ 84. ಎಂಜಿನ್ ಬಿಸಿ 91. ಕಂಡದ್ದು ಎಷ್ಟು ಸಲ — 1.

"ಮೊದಲನೇ ಸಲಾನೇ. ಮುಂಚೆ ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ ಬಿಡಿ" ಎಂದು ಬರೆದುಕೊಂಡರು.

ಅಳಿಸಿದಾಗಲೆಲ್ಲ ಆ ಎಣಿಕೆ ಸೊನ್ನೆಗೆ ಹೋಗುತ್ತದೆ. ನಾನು ಹೇಳಲಿಲ್ಲ. ಒಂದು ಕ್ಷಣ ಹಾಯೆನಿಸಿತು. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 27, ಬೆಳಗ್ಗೆ 8

ಅಕ್ಕನ ಮನೆಯಲ್ಲೇ ಇದ್ದೇನೆ. ಸರ್ವೇಯರ್ ಫೋನ್ ಮಾಡಿ ಅವಳಿಗೂ ಅದೇ ಮಾತು ಹೇಳಿದ್ದಾರೆ. ಬಂದು ಪಕ್ಕದಲ್ಲಿ ಕೂತಳು, ತಲೆ ಸವರಿದಳು.

"ನೀನೇ ಏನೋ ಸರಿಯಾಗಿ ನೋಡ್ಲಿಲ್ವೇನೋ ಅಂದ್ಕೊಂಡ್‌ಬಿಟ್ಟಿದ್ದೆ ಕಣೋ. ಮನಸ್ಸಲ್ಲೇ ಶಾಪ ಹಾಕ್ದೆ. ತಪ್ಪಾಯ್ತು, ಕ್ಷಮಿಸ್ಬಿಡು."

ನನ್ನ ಬಳಿ ಕ್ಷಮೆ ಕೇಳಿದಳು!

ಈಗ ಸ್ನಾನಕ್ಕೆ ಹೋಗಿದ್ದಾಳೆ. ಬಂದ ಕೂಡಲೇ ಹೇಳುತ್ತೇನೆ. ಹೊಡೆಯಲಿ, ಆಚೆ ಹಾಕಲಿ. ನೀರಿನ ಸದ್ದು ನಿಂತಿತು. ಹೇಗೆ ಶುರು ಮಾಡಲಿ... ಅಕ್ಕಾ, ಅದು ಮೊದಲನೇ ಸಲ ಅಲ್ಲ, ಅದು