ಊರಿನ ಹೆಸರಿಗೆ ಕಾಫಿ ದಂಡ

ಅಕ್ಕಾ,

ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು. ನಮ್ಮ ಹಳೆಯ ನೆರೆಯವನು ಮುಶ್ನಿ ನನ್ನನ್ನು ಮಾತನಾಡಿಸುತ್ತಾನೋ ಇಲ್ಲವೋ ಎಂದು ಕೇಳಿದ್ದಳಲ್ಲ, ಉತ್ತರ ಸಿಕ್ಕಿದೆ.

ಹತ್ತು ವರ್ಷದವನಾಗಿದ್ದಾಗ ಬಿಟ್ಟ ಊರು, ಒಂದು ಬೀದಿಯೂ ಗುರುತು ಸಿಗಲಿಲ್ಲ. ಕಡಲದಂಡೆಯಲ್ಲಿ ಬಿಸಿ ಮರಳಿನ ಮೇಲೆ ಕಾಫಿ ಕಾಯಿಸುವ ಅಂಗಡಿಯ ಮುಂದೆ ಮುದುಕರು ಚದುರಂಗ ಆಡುತ್ತಾರೆ. ನಾವು ಊರು ಬಿಟ್ಟ ಯುದ್ಧದ ನಂತರ ಅಲ್ಲೊಂದು ಕಟ್ಟಳೆ: ಗೆದ್ದ ಮುಶ್ನಿಯ ಜನರ ಹಾಗೆ ಊರನ್ನು ಸುಖುಮ್ ಎನ್ನಬೇಕು. ನಮ್ಮ ಜಾರ್ಜಿಯನ್ನರ ಹಾಗೆ ಸುಖುಮಿ ಎಂದವನು ಬೆಂಚಿಗೆಲ್ಲ ಕಾಫಿ ಕೊಡಿಸಬೇಕು. ಸುಖುಮಿ ಎಂದರೆ ನಾನು ಯಾರೆಂದು ತಿಳಿಯುತ್ತದೆ. ಸುಖುಮ್ ಎನ್ನಲು ನಾಲಿಗೆ ಏಳದು. ಮೂರು ದಿನ ‘ಈ ಊರು’ ಎಂದೇ ಹೇಳಿಕೊಂಡು ಗುರುತು ಹೇಳದೆ ಮುಶ್ನಿಯ ಎದುರು ಆಡಿ ಸೋಲುತ್ತಿದ್ದೆ.

ಇವತ್ತು ಕುದುರೆ ನಡೆಸುತ್ತ ಅವನು ಕೇಳಿದ: “ಏನಯ್ಯಾ, ‘ಈ ಊರು, ಈ ಊರು’ ಅಂತೀಯಲ್ಲ, ಊರಿಗೆ ಹೆಸರಿಲ್ವಾ?”

ಬೆಂಚು ನಕ್ಕಿತು. ನಾನು ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದೆ.

“ಥೇಟ್ ನಿಮ್ಮಪ್ಪನ ಹಾಗೇ ಆಡ್ತೀಯ, ಅವನ ಹಾಗೇ ಮೊಂಡ,” ಎಂದವನು ಎದ್ದು ನಿಂತು, ದಂಡೆಗೆಲ್ಲ ಕೇಳುವಂತೆ “ಸುಖುಮಿ!” ಎಂದು ಕೂಗಿ, ತನ್ನ ಜೇಬಿಗೇ ಕೈ ಹಾಕಿದ. “ಎಲ್ರಿಗೂ ಕಾಫಿ ಕೊಡಮ್ಮಾ. ಲೋ ಗಿವಿ, ನಿಮ್ಮಮ್ಮಂಗೆ ಹೇಳು, ದಂಡ ನಾನೇ ಕಟ್ಟಿದೆ ಅಂತ.”

ಮಂಡಿನೋವು ಕಡಿಮೆಯಾಗಿದೆ, ಔಷಧಿ ಕಳಿಸಬೇಡ. ಇಲ್ಲಿಂದ ಅಲ್ಲಿಗೆ ಅಂಚೆಯಿಲ್ಲವಲ್ಲ, ಕಿತ್ತಳೆ ಮಾರುವ ನಾನುಲಿ ಗಡಿಯ ಸೇತುವೆ ದಾಟಲು ಹೊರಟಿದ್ದಾಳೆ, ಇದನ್ನು ಅವಳ ಕೈಗೇ ಕೊಡುತ್ತಿದ್ದೇನೆ. ಕಾಗದದ ತಲೆಯಲ್ಲಿ ಈ ಊರಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಅಮ್ಮನೇ ಬರೆಯಲಿ.

ನಿನ್ನ ತಮ್ಮ
ಗಿವಿ