ಹದಿನಾರನೇ ಲೆವೆಲ್‌ಗೆ ಒಬ್ಬ ಕಂಡಕ್ಟರ್

ಜೂನ್ 3, ಮಂಗಳವಾರ. ಮಧ್ಯಾಹ್ನ 2.20

ಹದಿಮೂರನೇ ಲೆವೆಲ್. ಮೂರು ಸಲ ಆಡಿದೆ. ಮಿಸ್ — ಮೂವತ್ತೊಂದು, ಇಪ್ಪತ್ತಾರು, ಹತ್ತೊಂಬತ್ತು. ಇಳಿಯುತ್ತಿದೆ. ಬನಿಯನ್ ಬದಲಿಸಿ, ಖಾಕಿ ಶರ್ಟು ಮತ್ತೆ ಏರಿಸಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಟಿಕೆಟ್ ಲೆಕ್ಕ ಬರೆಯುವ ಹಳೇ ಟ್ರಿಪ್ ಶೀಟುಗಳ ಹಿಂಬದಿ ಇದಕ್ಕೇ ಮೀಸಲು.

ನಮ್ಮ ಬಸ್ಸು ಗುಬ್ಬಿಯಿಂದ ಬಂದು ತುಮಕೂರಲ್ಲಿ ಒಂದೂಕಾಲಿನಿಂದ ಎರಡು ನಲವತ್ತರವರೆಗೆ ನಿಲ್ಲುತ್ತದೆ. ಆಮೇಲೆ ಕುಣಿಗಲ್. ಡ್ರೈವರ್ ಯಲ್ಲಯ್ಯ ಊಟ ಮುಗಿಸಿ ಮುಖದ ಮೇಲೆ ಟವೆಲ್ ಹಾಕಿ ಮಲಗುತ್ತಾನೆ. ನಾನು ರಸ್ತೆ ದಾಟಿ ಗೇಮ್ ಝೋನಿಗೆ. ಅಲ್ಲೊಂದು ಡ್ಯಾನ್ಸ್ ಮೆಷೀನು: ನೆಲದಲ್ಲಿ ನಾಲ್ಕು ಬಾಣ, ಎದುರಿಗೆ ಸ್ಕ್ರೀನು. ಸ್ಕ್ರೀನಿನ ಬಾಣ ಮೇಲೇರಿ ಗೆರೆ ಮುಟ್ಟುವ ಹೊತ್ತಿಗೆ, ಹಾಡಿನ ತಾಳಕ್ಕೆ ಸರಿಯಾಗಿ, ಕೆಳಗಿನ ಅದೇ ಬಾಣ ತುಳಿಯಬೇಕು. ಇಷ್ಟೇ ತಾನೇ ಅಂದುಕೊಂಡು ಹತ್ತಿದವನು, ಒಂದೂವರೆ ವರ್ಷವಾಯಿತು, ಇಳಿದಿಲ್ಲ.

ಜೂನ್ 9

ಯಲ್ಲಯ್ಯ ಇವತ್ತು ಪತ್ತೆ ಹಚ್ಚಿದ.

"ಏನ್ಲಾ ಮಲ್ಲಣ್ಣ, ದಿನಾ ಮಧ್ಯಾಹ್ನ ಬೆವ್ತ್ಕೊಂಡ್ ಬತ್ತೀಯ, ಯಾರ್ ಮನೆ ಮೂಟೆ ಹೊರ್ತಿದೀಯ?"

ಹೇಳಿದೆ. ನಕ್ಕು ನಕ್ಕು ಕೆಮ್ಮಿದ.

"ನಲವತ್ ಮೂರಾಯ್ತು ಕಣೋ ನಿಂಗೆ. ಕುಣಿಯೋ ವಯಸ್ಸಾ?"

"ನೀನು ಐವತ್ತೆರಡಕ್ಕೆ ತಲೆಗೆ ಬಣ್ಣ ಹಚ್ತೀಯಲ್ಲ, ಅದ್ಯಾವ ವಯಸ್ಸು?"

ಕುಣಿಗಲ್ ಬರುವವರೆಗೂ ಕನ್ನಡಿಯಲ್ಲಿ ತಲೆಗೂದಲು ನೋಡಿಕೊಳ್ಳುತ್ತಲೇ ಇದ್ದ. ರಸ್ತೆ ಚೆನ್ನಾಗಿತ್ತು.

ಜೂನ್ 12, ಗುರುವಾರ

ಹೇಮಶ್ರೀ ಅಂತ ಒಬ್ಬಳು ಹುಡುಗಿ. ಪಾಲಿಟೆಕ್ನಿಕ್ ಕೊನೇ ವರ್ಷ. ಹದಿನೆಂಟನೇ ಲೆವೆಲ್ ಆಡುತ್ತಾಳೆ. ಅವಳು ಆಡುವಾಗ ಕಾಲು ಕಾಣಿಸುವುದಿಲ್ಲ, ಶಬ್ದ ಮಾತ್ರ. ಇವತ್ತು ತಾನಾಗೇ ಬಂದು ಮಾತಾಡಿಸಿದಳು. ಆಗಸ್ಟ್ ಹತ್ತಕ್ಕೆ ಬೆಂಗಳೂರಲ್ಲಿ ಜೋಡಿ ಸ್ಪರ್ಧೆ. ಹೋದ ವರ್ಷ ಇವಳೂ ಬಸವರಾಜ್ ಅನ್ನುವ ಹುಡುಗನೂ ನಾಲ್ಕನೇ ಸ್ಥಾನ. ಈಗ ಬಸವರಾಜನಿಗೆ ವಸಂತನರಸಾಪುರದಲ್ಲಿ ಕೆಲಸ, ಶಿಫ್ಟು. ಭಾನುವಾರವೂ ಸಿಗುವುದಿಲ್ಲ. ಇಬ್ಬರೂ ಹದಿನಾರನೇ ಲೆವೆಲ್ ಪಾಸಾಗಿರಬೇಕು, ಅದರ ಫೋಟೊ ಜುಲೈ 31ರ ಮಧ್ಯಾಹ್ನ ಮೂರರೊಳಗೆ ಕಳಿಸಬೇಕು. ಜೊತೆಗಾರ ಇಲ್ಲದಿದ್ದರೆ ಇವಳಿಗೂ ಪ್ರವೇಶ ಇಲ್ಲ.

"ನಾನೇ ಯಾಕಮ್ಮ?"

"ಇಡೀ ತುಮಕೂರಲ್ಲಿ ಹದಿಮೂರ್ ಆಡೋರು ಇನ್ಯಾರೂ ಇಲ್ಲ ಅಂಕಲ್. ಹುಡುಕಿ ಆಯ್ತು."

ಹೊಗಳಿಕೆ ಅಂತ ಬರೆದುಕೊಂಡಿದ್ದೇನೆ.

"ಹದಿನಾರು ಎಷ್ಟು ದೂರ?"

"ಈಗ ನೀವು ಗುಬ್ಬೀಲಿ ಇದೀರ ಅಂದ್ಕೊಳಿ."

"ಹದಿನಾರು ಕುಣಿಗಲ್ಲಾ?"

"ಕುಣಿಗಲ್ ದಾಟಿ ಯಡಿಯೂರು. ನಡ್ಕೊಂಡು."

ಒಪ್ಪಿಕೊಂಡೆ. ನಡಿಗೆ ನನಗೆ ಹೊಸದಲ್ಲ.

ಜೂನ್ 17

ಹದಿನಾಲ್ಕು. ಒಂದು ನಿಮಿಷಕ್ಕೆ ತೊಡೆ ಕಲ್ಲಾಯಿತು. ಫೇಲ್. ಮತ್ತೆ ಫೇಲ್.

ಆಡುವವನ ಬೆನ್ನ ಹಿಂದೆ ಒಂದು ಕಂಬಿ ಇದೆ. "ಅದನ್ನ ಹಿಡ್ಕೊಳಿ ಅಂಕಲ್, ಭಾರ ಎಲ್ಲ ಕಾಲಿಗೇ ಬೀಳ್ತಿದೆ" ಅಂದಳು ಹೇಮಶ್ರೀ.

"ಕಂಬಿ ಹಿಡಿಯೋರು ಪ್ಯಾಸೆಂಜರ್ರು ಕಣಮ್ಮ."

ಇಪ್ಪತ್ತು ವರ್ಷ ಓಡುವ ಬಸ್ಸಿನಲ್ಲಿ ಬರೀ ಕಾಲ ಬಲದ ಮೇಲೆ ನಿಂತವನು. ಬ್ರೇಕ್ ಬಿದ್ದರೆ ಬಸ್ಸೆಲ್ಲ ಮುಂದಕ್ಕೆ ಮುಗ್ಗರಿಸುತ್ತದೆ, ನಾನು ಟಿಕೆಟ್ ಹರಿಯುತ್ತಿರುತ್ತೇನೆ. ಈಗ ಒಂದು ಆಟದ ಮೆಷೀನಿನ ಮುಂದೆ ಕಂಬಿ ಹಿಡಿಯಲೇ?

ಜೂನ್ 19

ಫೇಲ್. ಐದು ಸಲ.

"ಬಸ್ಸಲ್ಲಿ ಯಾಕೆ ಹಿಡ್ಕೊಳಲ್ಲ ನೀವು?"

"ಒಂದ್ ಕೈಲಿ ಟಿಕೆಟ್ಟು, ಇನ್ನೊಂದ್ ಕೈಲಿ ಚಿಲ್ರೆ. ಹಿಡಿಯೋಕೆ ಮೂರನೇ ಕೈ ಬೇಕು."

"ಇಲ್ಲಿ ನಿಮ್ ಕೈಲಿ ಏನಿದೆ?"

ಎರಡೂ ಕೈ ನೋಡಿಕೊಂಡೆ. ಏನೂ ಇರಲಿಲ್ಲ.

ಹಿಡಿದೆ. ಹದಿನಾಲ್ಕು ಪಾಸ್. ಮಿಸ್ ಇಪ್ಪತ್ತೆರಡು. ಇಪ್ಪತ್ತು ವರ್ಷದ ಜಂಬ ಇಳಿಯಲು ಹಿಡಿದದ್ದು ಎರಡು ದಿನ. ಪರವಾಗಿಲ್ಲ.

ಜೂನ್ 27

ಇವತ್ತಿನ ಪಾಠ ನಂಬುವಂಥದ್ದಲ್ಲ. ಬಾಣಗಳ ಓಟ ಜಾಸ್ತಿ ಮಾಡಬೇಕಂತೆ. ನಿಧಾನ ಇದ್ದಾಗಲೇ ಕಾಲಿಗೆ ಸಿಗುತ್ತಿಲ್ಲ, ಇನ್ನು ಜೋರು ಮಾಡಿದರೆ? ವಾದ ಮಾಡಿದೆ. ಅವಳು ಸುಮ್ಮನೆ ಸೆಟ್ಟಿಂಗ್ ಬದಲಿಸಿದಳು.

ಹಾಡು ಅದೇ, ತಾಳ ಅದೇ. ಬಾಣಗಳ ನಡುವಿನ ಜಾಗ ಮಾತ್ರ ಅಗಲವಾಯಿತು. ಬಾಗಿಲಲ್ಲಿ ನೂಕುನುಗ್ಗಲಾಗಿ ಹತ್ತುವವರನ್ನು ಎಣಿಸಲು ಆಗುವುದಿಲ್ಲ. ಒಬ್ಬೊಬ್ಬರಾಗಿ ಬಂದರೆ ಕಣ್ಣು ಮುಚ್ಚಿ ಎಣಿಸಬಹುದು. ಹಾಗೆ. ಮಿಸ್ ಒಂಬತ್ತು.

ಮನೆಯಲ್ಲಿ ದಾಕ್ಷಾಯಣಿ ತಟ್ಟೆ ಕುಕ್ಕಿದಳು: "ಮುದ್ದೆ ನುಂಗೋವಾಗ್ಲಾದ್ರೂ ಆ ಕಾಲ್ ನಿಲ್ಸ್ರೀ. ನೆಲ ಅದುರ್ತೈತೆ." ಹೆಂಡತಿ ಹೇಳಿದ ಮೇಲೇ ಗೊತ್ತಾಗಿದ್ದು, ಕಾಲು ಹಾಡುತ್ತಿತ್ತು.

ಜುಲೈ 8, ಮಂಗಳವಾರ

ಹದಿನೈದು — ಮೊದಲ ಸಲಕ್ಕೇ ಪಾಸ್.

ಈ ಲೆವೆಲ್‌ನಲ್ಲಿ ಸೊಂಟ ತಿರುಗಿಸಿ, ಎಡಗಾಲು ಬಲಗಡೆಯ ಬಾಣಕ್ಕೆ, ಬಲಗಾಲು ಎಡಗಡೆಗೆ, ಅಡ್ಡಡ್ಡ ಹಾಕುವುದಿದೆ. ಎಲ್ಲರೂ ಇಲ್ಲೇ ಆರು ತಿಂಗಳು ಸಿಕ್ಕಿಕೊಳ್ಳುತ್ತಾರಂತೆ. ನನಗೆ ಒಂದು ದಿನವೂ ಬೇಕಾಗಲಿಲ್ಲ. ಸೋಮವಾರ ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ಅಂತರಸನಹಳ್ಳಿ ಕಾರ್ಮಿಕರ ಮಧ್ಯೆ, ಯಾರ ಟಿಫನ್ ಕ್ಯಾರಿಯರ್ ಮೇಲೂ ಕಾಲಿಡದೆ, ಹಿಂದಿನಿಂದ ಮುಂದಕ್ಕೆ ಬರುವುದು ಇನ್ನೇನು?

ಹೇಮಶ್ರೀ ಬಗ್ಗಿ ನನ್ನ ಕಾಲು ನೋಡಿದಳು. ಆಮೇಲೆ, "ಯಾರ್ ಕಲಿಸಿದ್ರು ಅಂಕಲ್?"

"ರೂಟು."

ಜುಲೈ 21

ಹನ್ನೆರಡು ದಿನ ಬರೆದಿಲ್ಲ. ಎಡ ಮಂಡಿ ಊದಿ ಬದನೆಕಾಯಿ ಆಗಿತ್ತು. ಡಾಕ್ಟರಿಗೆ ಬಸ್ಸಿನ ಮೆಟ್ಟಿಲು ಅಂದೆ.

ಈಗ ಇಳಿದಿದೆ. ಹದಿನಾರು ಹತ್ತಿದೆ. ಹಾಡು ಎರಡು ನಿಮಿಷ. ಮಿಸ್ ಹೆಚ್ಚಾದರೆ ಮೆಷೀನು ನಡುವೆಯೇ ಆಟ ನಿಲ್ಲಿಸುತ್ತದೆ, ಅದೇ ಸಾವು. ಸತ್ತದ್ದು — ಒಂದು ನಿಮಿಷ ಹತ್ತು ಸೆಕೆಂಡಿಗೆ, ಒಂದು ನಿಮಿಷ ಇಪ್ಪತ್ತೆರಡಕ್ಕೆ, ಒಂದು ನಿಮಿಷ ಮೂವತ್ತೊಂದಕ್ಕೆ.

"ಆಗಲ್ಲ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ ಅಂಕಲ್. ಬೇಜಾರಿಲ್ಲ." ಬೇಜಾರಿತ್ತು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು.

"ದಿನಕ್ಕೆ ಐದ್ ಸೆಕೆಂಡ್ ಜಾಸ್ತಿ ಬದುಕಿದ್ರೆ ಸಾಕು ಕಣಮ್ಮ. ಲೆಕ್ಕ ಹಾಕಿದೀನಿ."

ಜುಲೈ 31, ಗುರುವಾರ. 2.12

ಬಸ್ಸು ಅರ್ಧ ಗಂಟೆ ತಡ. ಗುಬ್ಬಿ ಬಿಟ್ಟ ಮೇಲೆ ರಸ್ತೆಯಲ್ಲಿ ಲಾರಿ ಅಡ್ಡ ನಿಂತಿತ್ತು. ಮೊದಲ ಯತ್ನ — ಒಂದು ನಿಮಿಷ ಐವತ್ತೆರಡಕ್ಕೆ ಸತ್ತೆ. ಉಳಿದಿದ್ದು ಎಂಟೇ ಸೆಕೆಂಡ್. ಉಸಿರು ಬರಲಿ.

2.31

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಯಲ್ಲಯ್ಯ ನನ್ನನ್ನು ಕರೆದುಕೊಂಡು ಹೋಗಲು ಬಂದ. "ಟೈಮಾಯ್ತು ಬಾರಲೇ" ಅಂದವನು, ನಾನು ಹತ್ತಿದ್ದು ನೋಡಿ ಪಕ್ಕದಲ್ಲೇ ಕಂಬಿ ಹಿಡಿದು ನಿಂತ. ಒಂದು ನಿಮಿಷಕ್ಕೆ ಬಾಯಿ ತೆರೆದ. ಒಂದೂವರೆ ನಿಮಿಷಕ್ಕೆ ಕೂಗತೊಡಗಿದ: "ಎಡಕ್ಕೆ! ಎಡಕ್ಕೆ ಹೊಡಿ! ಸೈಡ್ ಕೊಡ್ಬೇಡ!" ಕೊನೆಯಲ್ಲಿ ಬಾಣಗಳು ಹಿಂಡಾಗಿ ನುಗ್ಗಿದವು. ನನ್ನ ಕಾಲು ಒಂದು ಹೆಜ್ಜೆ ಹಿಂದೆ ಬಿತ್ತು. ಸ್ಕ್ರೀನಿನ ಮೂಲೆಯ ಜೀವದ ಪಟ್ಟಿ ಗೆರೆಯಷ್ಟೇ ಉಳಿದಿತ್ತು. ಆಗ ನನ್ನ ಬಲಗಡೆಯ ಬಾಣದ ಮೇಲೆ ಒಂದು ಕಾಲು ದಬ್ಬನೆ ಬಿತ್ತು. ನನ್ನದಲ್ಲ.

ಸ್ಕ್ರೀನಿನಲ್ಲಿ ಪಾಸ್.

ಹೇಮಶ್ರೀ ಕಿರುಚಿ ಫೋಟೊ ತೆಗೆದಳು. ಯಲ್ಲಯ್ಯ ತನ್ನ ಬಲಗಾಲನ್ನೇ ನೋಡುತ್ತ ನಿಂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದ ಡ್ರೈವರ್. ಎದುರಿಗೆ ಏನಾದರೂ ನುಗ್ಗಿ ಬಂದರೆ ಆ ಕಾಲು ಯಾರನ್ನೂ ಕೇಳುವುದಿಲ್ಲ.

"ಬ್ರೇಕ್ ಹಾಕ್ಬುಟ್ನಲ್ಲೋ ಮಲ್ಲಣ್ಣ…"

ಹೇಮಶ್ರೀ ಗೊಂದಲದಲ್ಲಿ, "ಇರ್ಲಿ ಅಂಕಲ್, ಒಂದೇ ಹೆಜ್ಜೆ. ಫೋಟೊದಲ್ಲಿ ಕಾಲು ಕಾಣಲ್ಲ."

"ಆ ಒಂದ್ ಹೆಜ್ಜೆ ಇಲ್ದಿದ್ರೆ ನಾನ್ ಸತ್ತಿದ್ದೆ ಕಣಮ್ಮ. ಅದು ಟಿಕೆಟ್ ತಗೊಳ್ದೆ ಹತ್ತಿದ ಕಾಲು. ಅಳ್ಸಾಕು."

ಅಳಿಸಿದಳು. ಅಳಿಸುವವರೆಗೂ ನಾನು ಅವಳ ಮುಖ ನೋಡಲಿಲ್ಲ; ನೋಡಿದ್ದರೆ ಬೇಡ ಅಂದುಬಿಡುತ್ತಿದ್ದೆನೇನೋ.

ಯಲ್ಲಯ್ಯ ಬಾಗಿಲತ್ತ ನಡೆದ. "ಟಯರ್ ನೋಡ್ಬೇಕು ಅಂತ ಪ್ಯಾಸೆಂಜರ್‌ಗೆ ಹೇಳ್ತೀನಿ. ಹತ್ ನಿಮಿಷ. ನೀನ್ ತುಳಿ. ನಾನ್ ಇಲ್ಲಿ ನಿಲ್ಲಲ್ಲಪ್ಪ, ನನ್ ಕಾಲ್ ಮೇಲೆ ನಂಗೇ ನಂಬ್ಕೆ ಇಲ್ಲ."

ತೊಡೆ ಇನ್ನೂ ನಡುಗುತ್ತಿದೆ. ಎಂಟು ನಿಮಿಷ ಕೂತರೆ ನಿಲ್ಲುತ್ತದೆ, ಅಳತೆ ಮಾಡಿದ್ದೇನೆ. ಆರು ಆಯಿತು. ಹದಿನಾರರ ಬಗ್ಗೆ ನನಗೀಗ ಅನುಮಾನವಿಲ್ಲ. ಕಡೆಯ ಎಂಟು ಸೆಕೆಂಡ್ ಹೇಗಿರುತ್ತದೆ ಅಂತ ನೋಡಿ ಬಂದಿದ್ದೇನೆ. ಏಳು ಆಯಿತು. ಹೇಮಶ್ರೀ ಮೆಷೀನಿಗೆ ಗೇಮ್ ಕಾರ್ಡ್ ಉಜ್ಜಿದಳು.

ಆಗಸ್ಟ್ 10, ಭಾನುವಾರ. ಬೆಂಗಳೂರು. 11.40

ಜುಲೈ 31ರ ಕೊನೆಯ ಆಟದ್ದು ಬರೆದೇ ಇರಲಿಲ್ಲ. ಸ್ಕ್ರೀನು ನೋಡಿದವನೇ ಬಸ್ಸಿಗೆ ಓಡಿದ್ದೆ. ಪಾಸ್. ಮಿಸ್ ಹದಿನೇಳು. ಎಲ್ಲ ನನ್ನವೇ.

ಇಪ್ಪತ್ತೆರಡು ಜೋಡಿ. ನಮ್ಮದು ಒಂಬತ್ತನೇ ನಂಬರ್. ಬೆಳಿಗ್ಗೆಯಿಂದ ಎಲ್ಲರ ಕಾಲು ನೋಡಿದೆ. ಹತ್ತು ಜೋಡಿಗೆ ಕಾಲಿಗಿಂತ ಕೂದಲಿನ ಕಡೆ ಗಮನ, ಅವರನ್ನು ಬಿಡಬಹುದು. ಆರು ಜೋಡಿ ನಮ್ಮ ಹಾಗೇ. ನಿಜಕ್ಕೂ ಗಟ್ಟಿ ಐದು. ಮೊದಲ ಎಂಟರಲ್ಲಿ ಇರುತ್ತೇವೆ. ಹೇಮಶ್ರೀಗೆ ಮೂರರಲ್ಲಿ ಅಂದಿದ್ದೇನೆ.

ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತ ಹುಡುಗಿ ನನ್ನ ತಲೆಗೂದಲು ನೋಡಿ, "ಸರ್, ಪೇರೆಂಟ್ಸ್ ಆ ಕಡೆ ಕೂತ್ಕೊಬೇಕು" ಅಂದಳು.

"ಪೇರೆಂಟ್ ಅಲ್ಲ," ಅಂದಳು ಹೇಮಶ್ರೀ. "ನನ್ ಪಾರ್ಟ್ನರ್."

ಎಷ್ಟು ಸಲೀಸಾಗಿ ಅಂದಳು ಅಂದರೆ, ಆ ಹುಡುಗಿ ಎದ್ದು ನಿಂತು ಸಾರಿ ಕೇಳಿದಳು. ಬಾಗಿಲಲ್ಲಿ ನಿಂತು ಇಪ್ಪತ್ತು ವರ್ಷ ಎಲ್ಲರಿಗೂ ಉತ್ತರ ಕೊಟ್ಟವನು ನಾನು. ಆ ಹೊತ್ತಿಗೆ ಒಂದು ಮಾತೂ ಹೊರಡಲಿಲ್ಲ. ಈಗ ಹೊಳೆದಿದೆ. ಮರೆಯುವ ಮೊದಲು ಬರೆದಿಡುತ್ತೇನೆ. ಹೇಳಬೇಕಾಗಿದ್ದದ್ದು ಇಷ್ಟು: ನೋಡಮ್ಮ, ಈ ಹುಡುಗಿ ಜೊತೆ ನಾನು —

ಒಂಬತ್ತು. ಕೂಗ್ತಿದಾರೆ. ಲೇಸು ಇನ್ನೂ ಕಟ್ಟಿ