ಬೋವೆಲ್‌ನ ಸ್ವಂತ ಹೆಸರು

ಪಾರ್ಕ್‌ಲ್ಯಾಂಡ್ಸ್, ನೈರೋಬಿ

ಪ್ರಕಾಶಕರಾದ ಚಂದ್ರಮೌಳಿಯವರಿಗೆ ನಮಸ್ಕಾರ.

ನಮ್ಮ ಯಜಮಾನರ ಪುಸ್ತಕದ ಕರಡು ತಲುಪಿತು. ತಿದ್ದಬೇಕಾದವರು ಪಾರ್ಶ್ವವಾಯುವಾಗಿ, ಹನ್ನೆರಡು ದಿನದಿಂದ ಮಾತಿಲ್ಲದೆ ಇಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ನಾನೇ ಓದಿದೆ.

ನೂರಿಪ್ಪತ್ತು ವರ್ಷದ ಹಿಂದೆ ಕ್ರಿಕೆಟಿಗ ಬೋವೆಲ್ ಬಾರ್ಬಡೋಸ್‌ನ ಕಬ್ಬಿನ ತೋಟದಿಂದ ಇಂಗ್ಲೆಂಡಿಗೆ ಬೌಲಿಂಗ್ ಮಾಡಲು ಹೋದದ್ದು, ತಿರುಗಿ ಬಂದು ತಾನು ಆಡಿ ಬೆಳೆದ ಮೈದಾನದ ಹುಲ್ಲು ಕತ್ತರಿಸುತ್ತಾ ಮುದುಕನಾದದ್ದು, ಎಲ್ಲ ಸರಿಯಾಗಿ ಬಂದಿದೆ. ಅವನ ಸ್ವಂತ ಹೆಸರೊಂದೇ ಇಲ್ಲ. ಆಗಿನ ಸ್ಕೋರ್ ಪಟ್ಟಿಯಲ್ಲಿ ದೊರೆಗಳಿಗೆ ಇನಿಷಿಯಲ್ ಇತ್ತು, ಕೂಲಿಗೆ ಆಡುವವರಿಗೆ ಬರೀ ಮನೆತನದ ಹೆಸರು. ಇವರು ಇಪ್ಪತ್ತು ವರ್ಷ ಹುಡುಕಿದರು. ಆ ಬೆಳಿಗ್ಗೆ ಫೋನಿಟ್ಟು, "ಲೇ, ಸಿಕ್ತು ಕಣೇ ಅವನ ಹೆಸರು! ಕಾಫಿ ತಗೊಂಡ್ ಬಾ, ಹೇಳ್ತೀನಿ" ಅಂದರು. ಕಾಫಿ ತರುವಷ್ಟರಲ್ಲಿ ಕುಸಿದಿದ್ದರು. ಎಲ್ಲೂ ಬರೆದಿಟ್ಟಿಲ್ಲ. ನಮ್ಮ ಹಳೆಯ ಫೋನಿನಲ್ಲಿ ಯಾರು ಮಾಡಿದ್ದೆಂದೂ ತಿಳಿಯುವುದಿಲ್ಲ.

ನನಗೆ ಗೊತ್ತಿರುವ ಇಂಗ್ಲಿಷ್ ಹೆಸರುಗಳನ್ನೆಲ್ಲ ಅವರೆದುರು ಓದಿದೆ. ರೆಪ್ಪೆ ಅಲುಗಲಿಲ್ಲ. ನರ್ಸ್ ವಂಜಿರು, "ಅಮ್ಮಾ, ಅವರ ಹೆಸರು ಹಿಡಿದು ಕೂಗಿ, ಕೇಳಿಸಬಹುದು" ಎಂದಳು. ಮದುವೆಯಾಗಿ ನಲವತ್ತೊಂದು ವರ್ಷ, "ರೀ" ಎಂದೇ ಕರೆದವಳು ನಾನು. ನಿನ್ನೆ ಕಿವಿಯ ಹತ್ತಿರ ಬಾಗಿ ಹೆಸರು ಹಿಡಿದೇ ಕೂಗಿದೆ. ನಾಲ್ಕು ಸಲ. ತಿರುಗಲಿಲ್ಲ.

ಕಾದದ್ದು ಸಾಕು, ಅಚ್ಚು ಹಾಕಿಸಿ. ಬೋವೆಲ್ ಅನ್ನುವುದರ ಹಿಂದೆ ಒಂದು ಹೆಸರು ಹಿಡಿಯುವಷ್ಟು ಜಾಗ ಖಾಲಿ ಬಿಡಿ. ಮುಖಪುಟದಲ್ಲಿ ಇವರದನ್ನು ಮಾತ್ರ ಇನಿಷಿಯಲ್ ಇಲ್ಲದೆ ಪೂರ್ತಿ ಹಾಕಿ. ಹೊಳೆನರಸೀಪುರ ಶ್ರೀನಿವಾಸ ಶೇಷಾದ್ರಿ.

ಇಂತಿ,
ವಿನೋದಿನಿ